ಹೊನವಾಡದ ಪದಪಟ್ಟಿ: ಹಳೆಯ ಗಣಕದಿಂದ ಹೊರತೆಗೆದ ಉಪಭಾಷಾ ದತ್ತಾಂಶ ಮತ್ತು ಕನ್ನಡ ಸಂಕೇತೀಕರಣದ ಚರಿತ್ರೆ

ನನ್ನ ಪಿಎಚ್.ಡಿ. ಮಹಾಪ್ರಬಂಧದ ಒಂದು ಕೋಷ್ಟಕದಲ್ಲಿ, ಹೊನವಾಡದ ಆಡುಮಾತಿನಲ್ಲಿ ನೆಲಗಡಲೆಗೆ ‘ಸೆಂಗಾ’ ಮತ್ತು ‘ಶೇಂಗಾ’ ಎಂಬ ಎರಡು ರೂಪಗಳು ವಿಕಲ್ಪವಾಗಿ ಬಳಕೆಯಲ್ಲಿವೆ ಎಂದು ಬರೆದಿದ್ದೇನೆ. ಎರಡನೆಯ ರೂಪಕ್ಕೆ ನಾನು ಕೊಟ್ಟಿರುವ ಆಧಾರ ನಿಲ್ಲುವುದಿಲ್ಲ. ಇಂದು ಆ ಊರಿನಲ್ಲಿ ಶಾಲೆ ಕಲಿತವರ ಬಾಯಲ್ಲಿ ‘ಶೇಂಗಾ’ ಕೇಳಿಬರಬಹುದು. ಅದು ಬೇರೆ ಪ್ರಶ್ನೆ. ನಾನು ಆಧಾರವಾಗಿ ಹಿಡಿದದ್ದು ಒಂದು ಹಳೆಯ ಗಣಕದ ಪದಪಟ್ಟಿಯನ್ನು, ಅದೂ ಆ ಪಟ್ಟಿಯ ಪರಿವರ್ತಿತ ಮುದ್ರಿತ ಪ್ರತಿಯನ್ನು. ಮೂಲ ಕಡತವನ್ನು ಬೈಟುಗಳ ಮಟ್ಟದಲ್ಲಿ ತೆರೆದು ನೋಡಿದಾಗ, ಅಲ್ಲಿದ್ದದ್ದು ಹೊನವಾಡದ ಕನ್ನಡ ಪದವಲ್ಲ, ಅದರ ಪಕ್ಕದಲ್ಲಿ ಸಂಗ್ರಾಹಕರು ಬರೆದಿಟ್ಟ ಮರಾಠಿ ಸಮಾನಪದ ಎಂಬುದು ತಿಳಿಯಿತು. ಮರಾಠಿ ಪದವೊಂದು ಕನ್ನಡ ಪದವಾಗಿ ಹೇಗೆ ವೇಷ ಬದಲಿಸಿತು ಎಂಬುದನ್ನು ವಿವರಿಸಲು ಕನ್ನಡ ಗಣಕಪಠ್ಯದ ಚರಿತ್ರೆಯನ್ನೇ ಸ್ವಲ್ಪ ಬಿಚ್ಚಬೇಕಾಗುತ್ತದೆ. ಪ್ರಸ್ತುತ ಲೇಖನ ಆ ಪ್ರಯತ್ನ. ಜೊತೆಗೆ ನನ್ನ ಕೋಷ್ಟಕದ ತಿದ್ದುಪಡಿಯೂ ಹೌದು.

1. ಯಂತ್ರ

ಹೊನವಾಡ ಈಗ ತಿಕೋಟಾ ತಾಲ್ಲೂಕಿಗೆ ಸೇರಿದ ಊರು. ವಿಜಯಪುರ ನಗರದಿಂದ ಪಶ್ಚಿಮಕ್ಕೆ, ಮಹಾರಾಷ್ಟ್ರದ ಗಡಿಗೆ ಸಮೀಪದಲ್ಲಿದೆ. ಗಡಿಯಾಚೆಯ ಜತ್ತ ತಾಲ್ಲೂಕಿನಲ್ಲಿಯೂ ಕನ್ನಡ ಮಾತನಾಡುವವರು ಬಹಳ. ನೆಂಟಸ್ತಿಕೆ, ಸಂತೆ, ದ್ರಾಕ್ಷಿ ತೋಟದ ಕೆಲಸ, ಎಲ್ಲವೂ ಎರಡು ಭಾಷೆಗಳ ನಡುವೆ ಓಡಾಡುವ ಪ್ರದೇಶವಿದು. ಇಲ್ಲಿಯ ಒಬ್ಬ ನಿವೃತ್ತ ಮಾಸ್ತರರು ಒಕ್ಕಲುತನದ ಪದಗಳನ್ನು ಕೂಡಿಹಾಕಿದ್ದರು: ಕುಂಟಿ, ಕೂರಗಿ, ಹಂತಿ, ಹಗೇವು ಮೊದಲಾದ ಪದಗಳು, ಅವುಗಳ ಭಾಗಗಳ ಹೆಸರುಗಳು, ಅವುಗಳನ್ನು ಬಳಸುವ ವಾಕ್ಯಗಳು. ಕೆಲವು ಪದಗಳ ಮುಂದೆ ಮರಾಠಿಯ ಸಮಾನಪದವೂ ಇತ್ತು. ಅವರು ಇದನ್ನೆಲ್ಲ ಮೊದಲು ಸೇರಿಸಿದ್ದು ಕಚೇರಿಯೊಂದು ಬಳಸಿ ಬಿಟ್ಟ, ಡಾಸ್ ವ್ಯವಸ್ಥೆಯ ಗಣಕದಲ್ಲಿ. ಅದರೊಳಗೆ ಭಾರತೀಯ ಲಿಪಿಗಳ ‘ಜಿಸ್ಟ್ ಕಾರ್ಡ್’ ಇತ್ತು. ಕೆಲವು ವರ್ಷಗಳ ನಂತರ ಅದೇ ಪಟ್ಟಿಯನ್ನು ಪುಸ್ತಕ ಮಾಡುವ ಆಸೆಯಿಂದ ವಿಜಯಪುರದ ಒಂದು ಬೆರಳಚ್ಚು ಕೇಂದ್ರದಲ್ಲಿ ವಿಂಡೋಸ್ ಗಣಕದ ಮೇಲೆ ಹೊಸದಾಗಿ ಟೈಪು ಮಾಡಿಸಿದರು. ಪುಸ್ತಕ ಬರಲಿಲ್ಲ. ನಮಗೆ ಉಳಿದದ್ದು ಒಂದು ಪಟ್ಟಿಯ ಎರಡು ಪದರಗಳು, ಮತ್ತು ಯಾರೋ ಮೊದಲ ಪದರವನ್ನು ಪರಿವರ್ತಿಸಿ ಮುದ್ರಿಸಿದ್ದ ಕಾಗದದ ಕಟ್ಟು. ವಿದ್ಯಾರ್ಥಿಯಾಗಿದ್ದಾಗ ನಾನು ಬಳಸಿದ್ದು ಕೊನೆಯದನ್ನು ಮಾತ್ರ.

ಯಂತ್ರ ಕೈಗೆ ಬಂದಾಗ ಮಾಡಿದ ಮೊದಲ ಕೆಲಸ ಅದನ್ನು ಚಾಲೂ ಮಾಡದೆ ಇರುವುದು. ಈ ಕಾಲದ ಮದರ್‌ಬೋರ್ಡುಗಳ ಮೇಲಿನ ನಿಕಲ್–ಕ್ಯಾಡ್ಮಿಯಂ ಬ್ಯಾಟರಿ ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದಿರುತ್ತದೆ. ವಿದ್ಯುತ್ ಪೂರೈಕೆಯ ಕೆಪಾಸಿಟರುಗಳು ಸತ್ತಿರುತ್ತವೆ. ಧೂಳು ತುಂಬಿದ ಹಾರ್ಡ್ ಡಿಸ್ಕಿಗೆ ಕೊನೆಯ ಒಂದು ಸುತ್ತಷ್ಟೇ ಉಳಿದಿರಬಹುದು. ಡಿಸ್ಕನ್ನು ಬಿಚ್ಚಿ, ಬರವಣಿಗೆಯನ್ನು ತಡೆಯುವ ಸಾಧನದ ಮೂಲಕ ಬೇರೆ ಗಣಕಕ್ಕೆ ಜೋಡಿಸಿ, ‘ಡಿಡಿರೆಸ್ಕ್ಯೂ’ ತಂತ್ರಾಂಶದಿಂದ ಮೊದಲ ವಲಯದಿಂದ ಕೊನೆಯ ವಲಯದವರೆಗೆ ಇಡೀ ಪ್ರತಿಬಿಂಬವನ್ನು ತೆಗೆದೆವು. ಈ ತಂತ್ರಾಂಶ ಸುಲಭವಾಗಿ ಓದಲು ಸಿಗುವ ಭಾಗಗಳನ್ನು ಮೊದಲು ಎತ್ತಿಕೊಂಡು, ಹಟಮಾರಿ ಭಾಗಗಳಿಗೆ ಆಮೇಲೆ ಮರಳುತ್ತದೆ; ಸಾಯುತ್ತಿರುವ ಡಿಸ್ಕಿನ ವಿಷಯದಲ್ಲಿ ಇದೇ ಸರಿಯಾದ ಕ್ರಮ. ಐದೂಕಾಲು ಅಂಗುಲದ ಫ್ಲಾಪಿಗಳದು ಇನ್ನೊಂದು ಕಥೆ. 360 ಕಿಲೋಬೈಟಿನ ಫ್ಲಾಪಿಯ ಮೇಲೆ 1.2 ಮೆಗಾಬೈಟಿನ ಡ್ರೈವಿನಲ್ಲಿ ಮತ್ತೆ ಬರೆದರೆ, ಅಗಲವಾದ ಹಳೆಯ ಪಥದ ನಡುವೆ ಕಿರಿದಾದ ಹೊಸ ಪಥ ಬೀಳುತ್ತದೆ. ಅಗಲ ತಲೆಯ ಡ್ರೈವು ಎರಡನ್ನೂ ಒಟ್ಟಿಗೆ ಕೇಳಿಸಿಕೊಂಡು ಗೊಂದಲಗೊಳ್ಳುತ್ತದೆ. ಇಂಥವನ್ನು ಕಾಂತೀಯ ಸ್ಪಂದನಗಳನ್ನೇ ನೇರವಾಗಿ ದಾಖಲಿಸುವ ‘ಗ್ರೀಸ್‌ವೀಝಲ್’ ಮಾದರಿಯ ಸಾಧನದಿಂದ ಓದಬೇಕಾಯಿತು.

ಕಡತಗಳ ಕಾಲನಿರ್ಣಯಕ್ಕೆ ಯಂತ್ರದ ಸಾಕ್ಷ್ಯ ಪ್ರಯೋಜನವಾಗಲಿಲ್ಲ. ಡಿಬೇಸ್ ಕಡತದ ತಲೆಬರಹದಲ್ಲಿ ಕೊನೆಯ ತಿದ್ದುಪಡಿಯ ದಿನಾಂಕ ಇರುತ್ತದೆ, ನಿಜ. ಆದರೆ ಬ್ಯಾಟರಿ ಸತ್ತ ಗಣಕ ಪ್ರತಿ ಸಲ ಚಾಲೂ ಆದಾಗಲೂ ತನ್ನನ್ನು 1980ರ ಜನವರಿ 1ರಲ್ಲಿ ಕಾಣುತ್ತದೆ. ನಮ್ಮ ಕಡತಗಳಲ್ಲಿ ಹಲವು ಆ ದಿನದವೇ.

2. ಹಳೆಯ ಪದರ: ಉಚ್ಚಾರಣೆಯ ಕ್ರಮ

ಗಣಕದ ಮೇಲಿನ ಕನ್ನಡ ಎಂದರೆ ಮೊದಲು ಅಸ್ತವ್ಯಸ್ತ, ಆಮೇಲೆ ಸುಧಾರಣೆ ಎಂಬ ನೇರ ರೇಖೆಯನ್ನು ನಮ್ಮಲ್ಲಿ ಅನೇಕರು ಊಹಿಸಿಕೊಂಡಿದ್ದೇವೆ. ದತ್ತಾಂಶದ ದೃಷ್ಟಿಯಿಂದ ಇದು ತಪ್ಪು. ಹೊನವಾಡದ ಎರಡು ಪದರಗಳಲ್ಲಿ ಹಳೆಯದೇ ಆರೋಗ್ಯವಾಗಿತ್ತು.

ಐಐಟಿ ಕಾನ್ಪುರದಲ್ಲಿ ಆರಂಭಗೊಂಡ ಭಾರತೀಯ ಲಿಪಿಗಳ ಸಂಶೋಧನೆ 1980ರ ದಶಕದ ಕೊನೆಗೆ ಪುಣೆಯ ಸಿ–ಡ್ಯಾಕ್ ಸಂಸ್ಥೆಗೆ ಸಾಗಿತು. ಅಲ್ಲಿಂದ ಬಂದ ಜಿಸ್ಟ್ ಕಾರ್ಡು ಐಬಿಎಂ ಮಾದರಿಯ ಗಣಕದಲ್ಲಿ ಕೂತು, ಡಿಬೇಸ್, ವರ್ಡ್‌ಸ್ಟಾರ್‌ನಂಥ ಇಂಗ್ಲಿಷ್ ತಂತ್ರಾಂಶಗಳಿಗೂ ಪರದೆಯ ಮೇಲೆ ಕನ್ನಡವನ್ನು ತೋರಿಸುತ್ತಿತ್ತು. ಕಡತದೊಳಗೆ ಸೇರುತ್ತಿದ್ದದ್ದು ಇಸ್ಕಿ ಸಂಕೇತ; ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಇದನ್ನು ಐಎಸ್ 13194 ಎಂಬ ಸಂಖ್ಯೆಯಲ್ಲಿ ಮಾನಕವಾಗಿಸಿತು. ಇಸ್ಕಿಯ ತತ್ವ ವ್ಯಾಕರಣ ಬಲ್ಲವರಿಗೆ ತಕ್ಷಣ ಹಿಡಿಸುವಂಥದು: ಬರೆಯುವ ಆಕಾರಕ್ಕೆ ಸಂಕೇತವಿಲ್ಲ, ವರ್ಣಕ್ಕೆ ಸಂಕೇತ. ವ್ಯಂಜನ, ಹಲಂತ, ವ್ಯಂಜನ, ಸ್ವರಚಿಹ್ನೆ, ಹೀಗೆ ಉಚ್ಚಾರಣೆಯ ಕ್ರಮದಲ್ಲಿ ಬೈಟುಗಳು ಸಾಲುಗಟ್ಟುತ್ತವೆ. ‘ಕನ್ನಡ’ ಎಂಬುದಕ್ಕೆ ಐದು ಬೈಟುಗಳು: ಕ, ನ, ಹಲಂತ, ನ, ಡ. ಒತ್ತಕ್ಷರವನ್ನು ಎಲ್ಲಿ ತೂಗುಹಾಕಬೇಕು ಎಂಬುದು ಕಾರ್ಡಿನ ತಲೆನೋವು, ಕಡತದ್ದಲ್ಲ. 1991ರಲ್ಲಿಯೇ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿ ಕನ್ನಡದ ವಿನ್ಯಾಸವನ್ನು ಇಸ್ಕಿಯ 1988ರ ರೂಪದಿಂದಲೇ ಪಡೆಯಿತು. ಆದ್ದರಿಂದ ಇಸ್ಕಿಯಿಂದ ಯೂನಿಕೋಡಿಗೆ ಹೋಗುವುದು ಬಹುಪಾಲು ಒಂದಕ್ಕೊಂದು ಬದಲಿಸುವ ಕೆಲಸ.

ಇಲ್ಲಿಯೇ ‘ಶೇಂಗಾ’ದ ಬಲೆಯೂ ಇದೆ. ಬ್ರಾಹ್ಮಿಮೂಲದ ಎಲ್ಲ ಲಿಪಿಗಳಿಗೂ ಇಸ್ಕಿಯಲ್ಲಿ ಒಂದೇ ಸ್ಥಾನಪಟ್ಟಿ. 179ನೆಯ ಸ್ಥಾನದಲ್ಲಿರುವುದು ಕನ್ನಡದ ‘ಕ’ವೂ ಹೌದು, ದೇವನಾಗರಿಯ ‘ಕ’ವೂ ಹೌದು. ಒಂದು ಕೀಲಿ ಒತ್ತಿದರೆ ಇಡೀ ಪಠ್ಯ ಬೇರೆ ಲಿಪಿಯಲ್ಲಿ ಕಾಣುವುದು ಆ ಕಾಲದಲ್ಲಿ ಹೆಮ್ಮೆಯ ಸೌಲಭ್ಯವಾಗಿತ್ತು. ಪಠ್ಯದ ನಡುವೆ ಲಿಪಿ ಬದಲಾಯಿತು ಎಂದು ತಿಳಿಸಲು ಮಾನಕದಲ್ಲಿ ಒಂದು ಗುಣಸೂಚಕ ಬೈಟು ಇದೆ, ಅದು 239ನೆಯದು. ನಮ್ಮ ಡಿಬೇಸ್ ಕಡತದಲ್ಲಿ ಅದು ಒಂದೆಡೆಯೂ ಇರಲಿಲ್ಲ. ಮಾಸ್ತರರು ಪದದ ಕೋಷ್ಠದಲ್ಲಿಯೇ ಕನ್ನಡ ರೂಪ ಬರೆದು, ಅಡ್ಡಗೆರೆ ಹಾಕಿ, ಮರಾಠಿ ರೂಪ ಸೇರಿಸಿದ್ದರು. ಅವರಿಗೆ ಯಾವುದು ಯಾವ ಭಾಷೆಯದೆಂದು ಗೊತ್ತಿತ್ತು, ಕಡತಕ್ಕೆ ಗೊತ್ತಿರಲಿಲ್ಲ. ಪರಿವರ್ತಕ ಎಲ್ಲವನ್ನೂ ಕನ್ನಡಕ್ಕೆ ಇಳಿಸಿತು. ಮರಾಠಿಯ ಏಕಾರ ಇಸ್ಕಿಯಲ್ಲಿ ದೀರ್ಘದ ಸ್ಥಾನದಲ್ಲಿ ಕೂರುವುದರಿಂದ ಅದು ಕನ್ನಡದಲ್ಲಿ ಅಚ್ಚುಕಟ್ಟಾಗಿ ‘ಶೇಂಗಾ’ ಎಂದಾಯಿತು. ಶಿಷ್ಟ ಕನ್ನಡದಲ್ಲಿಯೂ ಆ ರೂಪವೇ ಇರುವುದರಿಂದ ನನಗೆ ಸಂಶಯ ಹುಟ್ಟಲಿಲ್ಲ. ಅಡ್ಡಗೆರೆಯನ್ನು ವಿಕಲ್ಪದ ಗುರುತೆಂದು ಓದಿದೆ.

ಗಡಿಭಾಗದ ಉಪಭಾಷೆಯಲ್ಲಿ ಎರವಲು ಪದಗಳ ಪ್ರಶ್ನೆಯೇ ಮುಖ್ಯವಾದದ್ದು. ಯಾವ ಮರಾಠಿ ಪದ ಯಾವ ಧ್ವನಿರೂಪದಲ್ಲಿ ಕನ್ನಡಕ್ಕೆ ಬಂದಿದೆ, ‘ಶ’ ಎಲ್ಲಿ ‘ಸ’ ಆಗಿದೆ, ಯಾವುದು ಬಂದಿಲ್ಲ ಎಂಬುದರ ಮೇಲೆ ವಾದಗಳು ನಿಲ್ಲುತ್ತವೆ. ಅಂಥಲ್ಲಿ ಇಡೀ ಮರಾಠಿ ಅರ್ಥಸಾಲು ಕನ್ನಡದ ಎರವಲಾಗಿ ತೋರಿಬಂದರೆ ಆಗುವ ಹಾನಿ ಸಣ್ಣದಲ್ಲ.

ಡಿಬೇಸ್ ಇನ್ನೆರಡು ವಿಷಯಗಳನ್ನು ಬಿಟ್ಟುಕೊಟ್ಟಿತು. ಅದರ ಕೋಷ್ಠಗಳ ಅಗಲ ನಿಶ್ಚಿತವಾದದ್ದು. ಅಗಲ ಮೀರಿದ ಪದದ ಬಾಲ ಕಡಿದುಹೋಗುತ್ತದೆ. ಇಸ್ಕಿಯಲ್ಲಿ ಕೊನೆಯ ಬೈಟು ಹೆಚ್ಚಾಗಿ ಸ್ವರಚಿಹ್ನೆ. ಅದು ಕಡಿದರೆ ಉಳಿಯುವುದು ವ್ಯಂಜನ. ಓದುವವರಿಗೆ ಅದು ಅಕಾರಾಂತವಾಗಿ ಕಾಣುತ್ತದೆ. ‘ಮನೆ’ ‘ಮನಿ’ಯಾಗುವ, ಪದಾಂತ್ಯದ ಎಕಾರ ಇಕಾರವಾಗುವ ಪ್ರಭೇದದಲ್ಲಿ ಕೊನೆಯ ಸ್ವರವೇ ನಾವು ಹುಡುಕುತ್ತಿರುವ ವಸ್ತು. ಕೋಷ್ಠದ ಅಗಲಕ್ಕೆ ಸರಿಯಾಗಿ ಮುಗಿಯುವ ಪ್ರತಿಯೊಂದು ನಮೂದನ್ನೂ ನಾನು ಈಗ ಸಂಶಯದ ಪಟ್ಟಿಯಲ್ಲಿಟ್ಟಿದ್ದೇನೆ. ಎರಡನೆಯದು ಸಂತೋಷದ ಸಂಗತಿ. ಡಿಬೇಸ್‌ನಲ್ಲಿ ದಾಖಲೆಯೊಂದನ್ನು ಅಳಿಸಿದರೆ ಅದರ ಮೊದಲ ಬೈಟಿನಲ್ಲಿ ಒಂದು ನಕ್ಷತ್ರಚಿಹ್ನೆ ಬೀಳುತ್ತದೆ, ಅಷ್ಟೇ. ‘ಪ್ಯಾಕ್’ ಆದೇಶ ಕೊಡುವವರೆಗೆ ದಾಖಲೆ ಅಲ್ಲಿಯೇ ಇರುತ್ತದೆ. ಮಾಸ್ತರರು ಆ ಆದೇಶವನ್ನು ಬಳಸಿದಂತಿಲ್ಲ. ಅವರು ಬೇಡವೆಂದು ಬಿಟ್ಟ ಪದಗಳೆಲ್ಲ ಉಳಿದಿದ್ದವು. ಬೈಗುಳಗಳು, ಮೈಗೆ ಸಂಬಂಧಿಸಿದ ಮಾತುಗಳು, ಒಂದು ಕೇರಿಯವರು ಮಾತ್ರ ಆಡುವ ರೂಪಗಳು ಅವುಗಳಲ್ಲಿದ್ದವು. ಸಂಗ್ರಾಹಕರ ಶಿಷ್ಟತೆಯ ಕಲ್ಪನೆ ಯಾವ ಗೆರೆಯ ಮೇಲೆ ನಿಂತಿತ್ತೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಸಿಗಲಾರದು. ಅಳಿಸಿದ್ದನ್ನು ಪ್ರಕಟಿಸುವ ಹಕ್ಕು ನಮಗಿದೆಯೇ ಎಂಬುದು ಬೇರೆ ಮಾತು. ಮನೆಯವರೊಡನೆ ಮಾತನಾಡಿ, ಆ ಭಾಗವನ್ನು ಸದ್ಯಕ್ಕೆ ವಿಶ್ಲೇಷಣೆಗೆ ಮಾತ್ರ ಬಳಸುತ್ತಿದ್ದೇನೆ.

3. ಹೊಸ ಪದರ: ಆಕಾರದ ಕ್ರಮ

ವಿಂಡೋಸ್ 95, 98ರ ಕಾಲದಲ್ಲಿ ಭಾರತೀಯ ಲಿಪಿಗಳನ್ನು ಜೋಡಿಸುವ ವ್ಯವಸ್ಥೆ ಕಾರ್ಯಾಚರಣ ತಂತ್ರಾಂಶದಲ್ಲಿರಲಿಲ್ಲ. ಪುಟವಿನ್ಯಾಸದ ತಂತ್ರಾಂಶಗಳಿಗೆ ಗೊತ್ತಿದ್ದದ್ದು ಒಂದು ಬೈಟಿಗೆ ಒಂದು ಆಕಾರ. ಇನ್ನೂರು ಚಿಲ್ಲರೆ ಸ್ಥಾನಗಳಲ್ಲಿ ಕನ್ನಡದ ಸಾವಿರಾರು ಗುಣಿತಾಕ್ಷರ, ಸಂಯುಕ್ತಾಕ್ಷರಗಳನ್ನು ಹಿಡಿಸಬೇಕಾದರೆ ಅಕ್ಷರವನ್ನು ಬಿಡಿಭಾಗಗಳಾಗಿ ಒಡೆಯದೆ ಗತ್ಯಂತರವಿರಲಿಲ್ಲ. ಅಚ್ಚಿನ ಮೊಳೆಗಳನ್ನು ಜೋಡಿಸಿದವರಿಗೆ ಈ ಉಪಾಯ ಹೊಸದಲ್ಲ. ಕೆ. ಪಿ. ರಾವ್ ಅವರ ‘ಸೇಡಿಯಾಪು’, ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಇವೆಲ್ಲ ಕನ್ನಡಿಗರನ್ನು ಗಣಕದ ಮುಂದೆ ಕೂರಿಸಿದ ಕೆಲಸಗಳು. ಇವುಗಳ ಋಣವನ್ನು ಮರೆತು ದೂರುವುದು ನನಗೆ ಸರಿಯೆನಿಸುವುದಿಲ್ಲ. ಕಾಗದದ ಮೇಲೆ ಚೆನ್ನಾಗಿ ಮೂಡಬೇಕು ಎಂಬುದೇ ಅಂದಿನ ಗುರಿ, ಮೂಡಿತು. ಮುಂದೆ ಯಾರೋ ಪದಸೂಚಿ ತಯಾರಿಸಲು ಕೂರುತ್ತಾರೆಂದು ಯಾರೂ ಲೆಕ್ಕಹಾಕಿರಲಿಲ್ಲ.

ನುಡಿಯ ಕಡತವನ್ನು ಅದರ ಫಾಂಟಿಲ್ಲದೆ ತೆರೆದರೆ ‘ಕನ್ನಡ’ ಎಂಬ ಪದ ಹೀಗೆ ಕಾಣುತ್ತದೆ: ಇಂಗ್ಲಿಷಿನ ದೊಡ್ಡ ‘ಪಿ’, ನೆತ್ತಿಯ ಮೇಲೆ ಗೀರುಳ್ಳ ದೊಡ್ಡ ‘ಎ’, ಪೌಂಡ್ ನಾಣ್ಯದ ಚಿಹ್ನೆ, ಮತ್ತೆ ಗೀರುಳ್ಳ ‘ಎ’, ಜರ್ಮನ್ನಿನ ಎಸ್ಸೆಟ್, ಸಣ್ಣ ‘ಕ್ಯೂ’, ಮತ್ತೊಮ್ಮೆ ಗೀರುಳ್ಳ ‘ಎ’. ಒಟ್ಟು ಏಳು. ಗೀರುಳ್ಳ ‘ಎ’ ಎಂದರೆ ತಲಕಟ್ಟು; ಎಸ್ಸೆಟ್ ಎಂದರೆ ನ–ಒತ್ತು. ಒತ್ತಕ್ಷರ ತಲಕಟ್ಟಿನ ನಂತರ ಬಂದಿರುವುದನ್ನು ಗಮನಿಸಬೇಕು. ವ್ಯಂಜನ, ಸ್ವರ, ಆಮೇಲೆ ಇನ್ನೊಂದು ವ್ಯಂಜನ: ಇದು ಕೈಬರಹದ ಕ್ರಮ, ಉಚ್ಚಾರಣೆಯದಲ್ಲ. ಅರ್ಕಾವೊತ್ತಿನಲ್ಲಿ ಇದು ತಿರುಗುಮುರುಗಾಗುತ್ತದೆ: ‘ಧರ್ಮ’ದಲ್ಲಿ ಮೊದಲು ಉಚ್ಚರಿಸುವ ರಕಾರ ಕಡತದಲ್ಲಿ ಕಟ್ಟಕಡೆಗೆ.

ಬಿಡಿಭಾಗಗಳ ಆಯ್ಕೆ ಇನ್ನೂ ವಿಚಿತ್ರ. ಈ ಸಂಕೇತದಲ್ಲಿ ‘ಮ’ಕಾರಕ್ಕೆ ಸ್ವಂತ ಸ್ಥಾನವಿಲ್ಲ, ‘ವ’ದ ಒಡಲು, ತಲಕಟ್ಟು, ಕೊಂಬು ಸೇರಿದರೆ ‘ಮ’. ‘ಯ’ದ ಎಡಭಾಗದ ಸುರುಳಿ ಅನುಸ್ವಾರದ ಸೊನ್ನೆಯೇ. ‘ಧ’ ಎಂದರೆ ‘ದ’ದ ಒಡಲಿಗೆ ಮಹಾಪ್ರಾಣದ ಸೀಳು. ಪರಿವರ್ತಿಸದ ಕಡತದ ಮೇಲೆ ಆವರ್ತನ ಎಣಿಸಿದರೆ ಎಲ್ಲ ಮಕಾರಗಳೂ ವಕಾರದ ಖಾತೆಗೆ, ಎಲ್ಲ ಯಕಾರಗಳೂ ಅನುಸ್ವಾರದ ಖಾತೆಗೆ ಜಮಾ ಆಗುತ್ತವೆ. ಅಂಕಿಗಳಿಗೂ ಭರವಸೆಯಿಲ್ಲ: ನುಡಿ ಫಾಂಟುಗಳ ಹೆಸರಿನ ಕೊನೆಯಲ್ಲಿ ‘ಇ’ ಇದ್ದರೆ ಇಂಗ್ಲಿಷ್ ಅಂಕಿ, ‘ಕೆ’ ಇದ್ದರೆ ಕನ್ನಡ ಅಂಕಿ, ಬೈಟು ಮಾತ್ರ ಒಂದೇ.

4. ಧ್ವನಿನಿಯಮದಂತೆ ಕಾಣುವ ತಪ್ಪು

ಹೊಸ ಪದರವನ್ನು ಯೂನಿಕೋಡಿಗೆ ತರಲು ನಾನೇ ಮೊದಲು ಒಂದು ಸಣ್ಣ ಪರಿವರ್ತಕವನ್ನು ಬರೆದೆ. ಅದರ ಫಲಿತಾಂಶದಲ್ಲಿ ಆಸಕ್ತಿ ಹುಟ್ಟಿಸುವ ಒಂದು ಸಂಗತಿ ಕಂಡಿತು. ‘ಬಂದೇನಿ’ಯಂಥ ಕ್ರಿಯಾರೂಪಗಳಲ್ಲಿ ದೀರ್ಘ ಏಕಾರವಿತ್ತು, ‘ಕೊಟ್ಟೆನಿ’ಯಂಥವುಗಳಲ್ಲಿ ಹ್ರಸ್ವ. ಪಟ್ಟಿಯುದ್ದಕ್ಕೂ ಹಾಗೆಯೇ: ಅನುಸ್ವಾರದ ನಂತರ ದೀರ್ಘ, ದ್ವಿತ್ವದ ನಂತರ ಹ್ರಸ್ವ, ಅಪವಾದವೇ ಇಲ್ಲ. ಹಿಂದಿನ ಅಕ್ಷರ ಗುರುವಾಗಿರುವುದರ ಪ್ರಭಾವವೆಂದು ಟಿಪ್ಪಣಿ ಬರೆಯಲು ಆರಂಭಿಸಿದ್ದೆ. ಆದರೆ ‘ಬಂದೇನಿ’ಯಲ್ಲಿಯೂ ಹಿಂದಿನದು ಗುರುವೇ. ಅಲ್ಲಿ ತಡೆದು ನಿಂತು ಬೈಟುಗಳಿಗೆ ಮರಳಿದೆ.

ಕಾರಣ ಇಷ್ಟು. ಈ ಸಂಕೇತದಲ್ಲಿ ‘ಏ’ಕಾರ ಎರಡು ತುಂಡು: ಎತ್ವ ಮತ್ತು ದೀರ್ಘಚಿಹ್ನೆ. ಒತ್ತಕ್ಷರವಿದ್ದಾಗ ಅದು ಈ ಎರಡರ ನಡುವೆ ಬಂದು ಕೂರುತ್ತದೆ. ‘ದೇ’ಯಲ್ಲಿ ಎತ್ವ ಮತ್ತು ದೀರ್ಘ ಅಕ್ಕಪಕ್ಕ, ನನ್ನ ಪರಿವರ್ತಕ ಅವನ್ನು ಕೂಡಿಸಿತು. ‘ಟ್ಟೇ’ಯಲ್ಲಿ ನಡುವೆ ಟ–ಒತ್ತು ಇದ್ದುದರಿಂದ ದೀರ್ಘಚಿಹ್ನೆ ಒಂಟಿಯಾಗಿ ಉಳಿದು, ಅನಾಥ ಚಿಹ್ನೆಗಳನ್ನು ತೆಗೆದುಹಾಕುವ ಹಂತದಲ್ಲಿ ಅಳಿಸಿಹೋಯಿತು. ಮೂಲದಲ್ಲಿ ‘ಕೊಟ್ಟೇನಿ’ಯೇ ಇತ್ತು.

ಓಲೆಗರಿಯ ಲಿಪಿಕಾರನ ತಪ್ಪಿಗೂ ಪರಿವರ್ತಕದ ತಪ್ಪಿಗೂ ಇರುವ ವ್ಯತ್ಯಾಸ ಇದೇ. ಲಿಪಿಕಾರ ದಣಿಯುತ್ತಾನೆ, ಸಾಲು ಹಾರಿಸುತ್ತಾನೆ; ಅವನ ತಪ್ಪುಗಳು ಚದುರಿರುತ್ತವೆ, ಆದ್ದರಿಂದ ತಪ್ಪುಗಳಾಗಿ ಕಾಣುತ್ತವೆ. ಪರಿವರ್ತಕ ಒಂದು ಪರಿಸರದಲ್ಲಿ ತಪ್ಪಿದರೆ ಆ ಪರಿಸರದಲ್ಲೆಲ್ಲ ತಪ್ಪುತ್ತದೆ. ಅಪವಾದವಿಲ್ಲದ, ಪರಿಸರಬದ್ಧವಾದ ಬದಲಾವಣೆಯನ್ನು ಕಂಡರೆ ಧ್ವನಿನಿಯಮವೆನ್ನಲು ನಾವು ಕಲಿತವರು. ಫ. ಗು. ಹಳಕಟ್ಟಿಯವರು ಇದೇ ವಿಜಯಪುರದಲ್ಲಿ ಕೂತು ಓಲೆಗರಿಗಳನ್ನು ಹೋಲಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚಿಗೆ ತಂದಾಗ ಇಂಥ ಮೋಸದ ಭಯ ಅವರಿಗಿರಲಿಲ್ಲ. ಅವರ ಮುಂದಿದ್ದ ಪಾಠಭೇದಗಳ ಹಿಂದೆ ಮನುಷ್ಯರಿದ್ದರು.

ರಕಾರದ ವಿಷಯದಲ್ಲಿ ಇನ್ನೊಂದು ತೊಡಕು. ‘ದಾರಿ’, ‘ಕೆರಿ’ಗಳಿಗೆ ಸಪ್ತಮಿಯ ‘ಆಗ’ ಸೇರಿದಾಗ ಇಲ್ಲಿಯವರ ಬರಹದಲ್ಲಿ ‘ದಾರ‍್ಯಾಗ’, ‘ಕೆರ‍್ಯಾಗ’ ಎಂದು ರಕಾರಕ್ಕೆ ಯ–ಒತ್ತು ಬರುತ್ತದೆ. ‘ಮನ್ಯಾಗ’ ಎಂಬುದರ ಸಾಲಿಗೆ ಸೇರುವ ರೂಪ. ‘ಸೂರ್ಯ’ದ ಅರ್ಕಾವೊತ್ತು ಬೇರೆ. ಹಳೆಯ ಫಾಂಟಿನಲ್ಲಿ ಇವೆರಡೂ ಬೇರೆ ಬೈಟುಗಳು, ಗೊಂದಲವಿಲ್ಲ. ಯೂನಿಕೋಡಿನಲ್ಲಿ ರ, ಹಲಂತ, ಯ ಎಂದು ಬರೆದರೆ ಬರುವುದು ಅರ್ಕಾವೊತ್ತು. ಯ–ಒತ್ತು ಬೇಕಾದರೆ ರಕಾರದ ನಂತರ ಸೊನ್ನೆ ಅಗಲದ ಜೋಡಕವೊಂದನ್ನು ಇಡಬೇಕು. ಅದು ಕಣ್ಣಿಗೆ ಕಾಣದ ಸಂಕೇತ. ಹಲವು ತಂತ್ರಾಂಶಗಳು ಅದನ್ನು ಕಸವೆಂದು ಗುಡಿಸಿಬಿಡುತ್ತವೆ. ಆಗ ‘ದಾರ್ಯಾಗ’ ಎಂದಾಗಿ, ಪದಸೂಚಿಯಲ್ಲಿ ಒಂದೇ ಪದ ಎರಡು ಕಡೆ ಕೂರುತ್ತದೆ. ಊರಿನ ಹೆಸರೂ ಹೀಗೆಯೇ. ‘ಹೊನವಾಡ’ದ ಒಕಾರವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ, ಎತ್ವ ಮತ್ತು ಕೊಂಬಿನ ದೀರ್ಘ ಎಂಬ ಎರಡಾಗಿಯೂ ಬರೆಯಬಹುದು. ಹಳೆಯ ಫಾಂಟಿನಲ್ಲಿ ಎರಡು ತುಂಡಾಗಿದ್ದುದರಿಂದ ಪರಿವರ್ತಕ ಎರಡನ್ನೂ ಹಾಗೆಯೇ ದಾಟಿಸಿತು. ಪರದೆಯ ಮೇಲೆ ವ್ಯತ್ಯಾಸವಿಲ್ಲ, ಹುಡುಕಿದರೆ ಸಿಗುವುದಿಲ್ಲ. ಮಾನಕೀಕರಣದ ಹಂತವನ್ನು ಬಿಟ್ಟರೆ ನಮ್ಮ ದತ್ತಾಂಶದಲ್ಲಿ ನಮ್ಮ ಊರೇ ಕಾಣೆಯಾಗುತ್ತದೆ.

5. ಎರಡು ಪದರಗಳ ಹೋಲಿಕೆ

ದೊಡ್ಡ ಪ್ರಮಾಣದಲ್ಲಿ ಇಂಥ ಕೆಲಸ ನಡೆದಿಲ್ಲವೆಂದಲ್ಲ. 1990ರ ದಶಕದಲ್ಲಿ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ಸಿದ್ಧಪಡಿಸಿದ ಕನ್ನಡ ಪಠ್ಯಕೋಶವನ್ನು ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಎಮಿಲ್ ಯೋಜನೆಯ ಜೊತೆಗೂಡಿ ಯೂನಿಕೋಡ್ ರೂಪದಲ್ಲಿ ಹಂಚಲಾಯಿತು. ಅದರ ಕನ್ನಡ ಭಾಗ ಸುಮಾರು 22 ಲಕ್ಷ ಪದಗಳದು. ಹಳೆಯ ಸಂಕೇತಗಳಿಂದ ಪಠ್ಯವನ್ನು ಬಿಡಿಸಲು ಆಂಡ್ರ್ಯೂ ಹಾರ್ಡಿ ಅವರು ಅಲ್ಲಿ ‘ಯೂನಿಕೋಡಿಫೈ’ ಎಂಬ ತಂತ್ರಾಂಶವನ್ನು ಬರೆದರು. ಆದರೆ ಅವು ಶಿಷ್ಟ ಬರಹದ ಕೋಶಗಳು. ಶಿಷ್ಟ ಬರಹದಲ್ಲಿ ‘ಕ್ಷೆತ್ರ’ ಎಂದು ಬಂದರೆ ನಿಘಂಟು ಕೂಡಲೇ ಹಿಡಿಯುತ್ತದೆ. ‘ಕೊಟ್ಟೆನಿ’ಯನ್ನು ಯಾವ ನಿಘಂಟು ಹಿಡಿಯಬೇಕು? ಉಪಭಾಷೆಯ ದತ್ತಾಂಶಕ್ಕೆ ತನ್ನ ಹೊರಗೆ ಒರೆಗಲ್ಲಿಲ್ಲ.

ನಮಗೆ ಒದಗಿದ ಒರೆಗಲ್ಲು ಎರಡು ಪದರಗಳ ಹೋಲಿಕೆ ಮಾತ್ರ. ಗ್ರಂಥಸಂಪಾದನೆಯ ರೀತಿಯಲ್ಲಿ ಅವನ್ನು ಎದುರುಬದುರು ಇಟ್ಟು ಪ್ರತಿ ಭಿನ್ನತೆಗೂ ಕಾರಣ ಹುಡುಕಿದೆವು. ಇಸ್ಕಿ ಪದರದಲ್ಲಿ ಕಡಿದ ಬಾಲಗಳು ಫಾಂಟಿನ ಪದರದಲ್ಲಿ ಹಲವೆಡೆ ಪೂರ್ಣವಾಗಿ ಸಿಕ್ಕವು, ಏಕೆಂದರೆ ಮಾಸ್ತರರು ಕೈಬರಹದ ವಹಿಯಿಂದಲೇ ಮತ್ತೆ ಟೈಪು ಮಾಡಿಸಿದ್ದರು. ಫಾಂಟಿನ ಪದರದಲ್ಲಿ ಬೆರಳಚ್ಚುಗಾರರು ‘ಮ್ಯಾಲ’ವನ್ನು ‘ಮೇಲೆ’ ಎಂದೂ ‘ಹ್ಯಾಂಗ’ವನ್ನು ‘ಹೇಗೆ’ ಎಂದೂ ತಿದ್ದಿದ್ದು ಇಸ್ಕಿ ಪದರದಿಂದ ಬಯಲಾಯಿತು. ಮರಾಠಿ ರೂಪಗಳ ವಿಷಯದಲ್ಲಿಯೂ ಹೊಸ ಪದರವೇ ನಿರ್ಣಾಯಕ: ಬೆರಳಚ್ಚು ಕೇಂದ್ರದಲ್ಲಿ ಅವನ್ನು ದೇವನಾಗರಿ ಫಾಂಟಿನಲ್ಲಿ ಹೊಡೆದಿದ್ದರು. ಫಾಂಟಿನ ಹೆಸರು ಕಡತದಲ್ಲಿ ದಾಖಲಾಗಿತ್ತು. ಸರಳ ಪಠ್ಯವಾಗಿ ಉಳಿಸಿದ್ದರೆ ಅದೂ ಹೋಗುತ್ತಿತ್ತು. ಹಳೆಯ ಕಡತದಿಂದ ಅಕ್ಷರಗಳನ್ನಷ್ಟೇ ಹಿಂಡಿಕೊಂಡು ಉಳಿದದ್ದನ್ನು ಎಸೆಯುವ ನಮ್ಮ ಸಂಶೋಧನಾರ್ಥಿಗಳ ಅಭ್ಯಾಸದ ಬಗ್ಗೆ ನನಗಿರುವ ಮುಖ್ಯ ಆಕ್ಷೇಪ ಇದೇ. ನಾನೂ ಅವರಲ್ಲಿ ಒಬ್ಬಳಾಗಿದ್ದೆ.

ಆದ್ದರಿಂದ ತಿದ್ದುಪಡಿ ಹೀಗೆ. ಮಹಾಪ್ರಬಂಧದ ಆ ಕೋಷ್ಟಕದಲ್ಲಿ ಅಡ್ಡಗೆರೆಯ ನಂತರ ಬರುವ ರೂಪಗಳನ್ನೆಲ್ಲ ಮರಾಠಿ ಸಮಾನಪದಗಳೆಂದು ಓದಬೇಕು. ಅವುಗಳ ಮೇಲೆ ನಿಂತ, ‘ಶ’ ಮತ್ತು ‘ಸ’ಗಳ ವಿಕಲ್ಪದ ವಾದವನ್ನು ಹಿಂತೆಗೆದುಕೊಂಡಿದ್ದೇನೆ. ಪದಾಂತ್ಯ ಸ್ವರಗಳ ಕುರಿತ ಅಧ್ಯಾಯ ನಿಲ್ಲುತ್ತದೆ, ಆದರೆ ಕೋಷ್ಠದ ಅಗಲಕ್ಕೆ ಮುಗಿಯುವ ನಮೂದುಗಳನ್ನು ಅದರ ಎಣಿಕೆಯಿಂದ ಹೊರಗಿಡಬೇಕು. ಡಿಸ್ಕಿನ ಪ್ರತಿಬಿಂಬವನ್ನು ಮುಟ್ಟದೆ ಹಾಗೆಯೇ ಇಟ್ಟಿದ್ದೇವೆ. ಪರಿವರ್ತಿತ ಪಟ್ಟಿಯ ಪ್ರತಿ ನಮೂದಿನ ಪಕ್ಕದಲ್ಲಿ ಮೂಲದ ಬೈಟುಗಳೂ, ಅದು ಯಾವ ಪದರದಿಂದ ಬಂದಿತೆಂಬ ಗುರುತೂ ಇವೆ. ಬಾಲ ಕಡಿದ ನಮೂದುಗಳಲ್ಲಿ ಹೊಸ ಪದರದಲ್ಲಿಯೂ ಸಿಗದವು ಕೆಲವು ಉಳಿದಿವೆ. ಕೈಬರಹದ ವಹಿ ಮನೆಯಲ್ಲಿ ಸಿಕ್ಕಿಲ್ಲ. ಅವನ್ನು ಕೊನೆಯ ಸ್ವರದ ಜಾಗ ಖಾಲಿ ಬಿಟ್ಟು ಅಚ್ಚುಹಾಕಿಕೊಂಡು, ಬರುವ ಹಿಂಗಾರಿ ರಾಶಿಯ ಹೊತ್ತಿಗೆ ಮತ್ತೆ ಹೊನವಾಡಕ್ಕೆ ಹೋಗುವುದಿದೆ.